ಕಾರ್ ಶೆಡ್ಡಿನ ಬ್ಲಾಕ್ ಗೋಡೆಯ ತೇವ

ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿದ ಕಾರ್ ಶೆಡ್ಡಿನ ಗೋಡೆಗೆ ಮಳೆಯಿಂದಲೋ ಮಣ್ಣಿನಿಂದಲೋ ಒಳಗಿನ ಗಾಳಿಯಿಂದಲೋ ನೀರು ಸೇರಿ, ಅದು ಆರುವ ವೇಗಕ್ಕಿಂತ ತುಂಬುವ ವೇಗ ಹೆಚ್ಚಾದಾಗ ಉಂಟಾಗುವ ಸ್ಥಿತಿ. ಬಣ್ಣ ಗುಳ್ಳೆ ಏಳುವುದು, ಪ್ಲಾಸ್ಟರು ಪೊಳ್ಳಾಗಿ ಚಕ್ಕೆ ಬೀಳುವುದು, ಬಿಳಿ ಉಪ್ಪು ಅರಳುವುದು, ಬೂಷ್ಟು, ಪಾಚಿ, ಸ್ವಿಚ್‌ಬೋರ್ಡಿನ ಸ್ಕ್ರೂ ತುಕ್ಕು ಹಿಡಿಯುವುದು ಇದರ ಕುರುಹುಗಳು. ವಾಸದ ಮನೆಯ ಗೋಡೆಗಿಂತ ಶೆಡ್ಡಿನ ಗೋಡೆಯಲ್ಲಿ ಈ ತೊಂದರೆ ಹೆಚ್ಚು. ಶೆಡ್ಡಿನ ಗೋಡೆ ತೆಳು, ಅದರ ಪಾಯ ಗಿಡ್ಡ, ಅದರ ಜಾಗವೂ ನಿವೇಶನದ ತಗ್ಗಿನಲ್ಲಿ. ಕಟ್ಟುವಾಗ ಉಳಿಸಿದ ದುಡ್ಡು ಮುಂದಿನ ಮಳೆಗಾಲಗಳಲ್ಲಿ ಡಬ್ಬಿ ಡಬ್ಬಿ ವಾಟರ್‌ಪ್ರೂಫಿಂಗ್ ಆಗಿ ಖರ್ಚಾಗುತ್ತದೆ. ಆ ಡಬ್ಬಿಗಳಲ್ಲಿ ಹೆಚ್ಚಿನವನ್ನು ಗೋಡೆಯ ತಪ್ಪು ಮಗ್ಗುಲಿಗೆ ಬಳಿದಿರುತ್ತಾರೆ.

ಬ್ಲಾಕು ಮತ್ತು ಗೋಡೆ

ಟೊಳ್ಳು ಕಾಂಕ್ರೀಟ್ ಬ್ಲಾಕನ್ನು ಯಂತ್ರದಲ್ಲಿ ಅಚ್ಚು ಹಾಕುವ ವಿಧಾನಕ್ಕೆ ಅಮೆರಿಕದ ಹಾರ್ಮನ್ ಪಾಮರ್ 1900ರಲ್ಲಿ ಪೇಟೆಂಟ್ ಪಡೆದ. ಒಳಗೆಲ್ಲ ಸೂಕ್ಷ್ಮ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕು 1920ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಆಕ್ಸೆಲ್ ಎರಿಕ್ಸನ್ ಕೈಯಲ್ಲಿ ರೂಪುಗೊಂಡಿತು. ಇಂದು ಎಎಸಿ ಬ್ಲಾಕ್ ಎಂದು ಮಾರಾಟವಾಗುವುದು ಅದೇ. ಕರ್ನಾಟಕದಲ್ಲಿ ಸಾಲಿಡ್ ಬ್ಲಾಕು, ಹಾಲೋ ಬ್ಲಾಕು, ಎಎಸಿ ಮೂರೂ ಬಳಕೆಯಲ್ಲಿವೆ. ಕರಾವಳಿಯಲ್ಲಿ ಇವುಗಳ ಜೊತೆಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಗೋಡೆಗಳನ್ನೂ ಅಲ್ಲಲ್ಲಿ ಕಾಣಬಹುದು.

ಟೊಳ್ಳು ಮತ್ತು ಗಟ್ಟಿ ಕಾಂಕ್ರೀಟ್ ಬ್ಲಾಕುಗಳಿಗೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 2185. ಬ್ಲಾಕು ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರಬಾರದು ಎಂಬುದು ಅದರ ಒಂದು ನಿಬಂಧನೆ. ಶೇ. 10 ಸಣ್ಣ ಅಂಕಿಯಂತೆ ಕಂಡರೂ ಲೆಕ್ಕ ಹಾಕಿದರೆ ಹಾಗಲ್ಲ. ಒಂದು ಚದರ ಮೀಟರ್ ಗೋಡೆಗೆ ಹನ್ನೆರಡೂವರೆ ಬ್ಲಾಕು ಬೇಕು. ಒಂದೊಂದರ ತೂಕ 15 ಕೆ.ಜಿ. ಎಂದು ಇಟ್ಟುಕೊಂಡರೂ ಚದರ ಮೀಟರಿಗೆ ಸುಮಾರು 19 ಲೀಟರ್ ನೀರು ಹಿಡಿಯುತ್ತದೆ. ಹತ್ತು ಚದರ ಮೀಟರಿನ ಸಣ್ಣ ಗೋಡೆ ತೊಯ್ದು ತೊಪ್ಪೆಯಾದರೆ ಒಂದು ಡ್ರಮ್ಮಿನಷ್ಟು ನೀರು ಅದರೊಳಗೆ ನಿಂತಿದೆ ಎಂದಾಯಿತು. ಇಷ್ಟು ನೀರು ಎರಡು ದಿನದ ಬಿಸಿಲಿಗೆ ಆರುವುದಿಲ್ಲ.

ಬ್ಲಾಕು ಮಾಡಿದ ಮೇಲೆ ಅದನ್ನು 14 ದಿನ ನೀರುಣಿಸಿ, ಆಮೇಲೆ ನಾಲ್ಕು ವಾರ ಒಣಗಿಸಿ ಕಟ್ಟಬೇಕು ಎಂದೂ ಮಾನಕ ಹೇಳುತ್ತದೆ. ರಸ್ತೆ ಬದಿಯ ಬ್ಲಾಕು ಯಾರ್ಡುಗಳಲ್ಲಿ ಇಷ್ಟು ತಾಳ್ಮೆ ಅಪರೂಪ. ಎರಡು ಮೂರು ದಿನ ಪೈಪು ಹಿಡಿದು, ಇನ್ನೂ ಹಸಿಯಾಗಿರುವಾಗಲೇ ಟೆಂಪೋಗೆ ತುಂಬುತ್ತಾರೆ. ಹಸಿ ಬ್ಲಾಕು ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ, ಆಗ ಗಾರೆಯ ಸಂದಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇಟ್ಟಿಗೆಯ ರೂಢಿಯಿಂದ ಬಂದ ಇನ್ನೊಂದು ಅಭ್ಯಾಸವೂ ಇದಕ್ಕೆ ಕೂಡಿಕೊಳ್ಳುತ್ತದೆ. ಇಟ್ಟಿಗೆಯನ್ನು ಕಟ್ಟುವ ಮೊದಲು ನೆನೆಹಾಕಬೇಕು, ಕಾಂಕ್ರೀಟ್ ಬ್ಲಾಕನ್ನು ನೆನೆಹಾಕಬಾರದು. ಆದರೂ ಬಹಳ ಮೇಸ್ತ್ರಿಗಳು ಬ್ಲಾಕಿನ ರಾಶಿಯ ಮೇಲೆ ನೀರು ಸುರಿದೇ ಕೆಲಸ ಶುರು ಮಾಡುತ್ತಾರೆ.

ಗೋಡೆಯ ದಪ್ಪದ ವಿಚಾರಕ್ಕೆ ಇಂಗ್ಲೆಂಡಿನ ಉದಾಹರಣೆ ಕಣ್ಣು ತೆರೆಸುವಂಥದು. ಮಳೆಗಾಳಿಯ ಹೊಡೆತ ಜೋರಾಗಿರುವ ಕಡೆ ಒಂಟಿ ಪದರದ ಕಾಂಕ್ರೀಟ್ ಬ್ಲಾಕ್ ಗೋಡೆ ಕಟ್ಟುವುದಾದರೆ 250 ಮಿ.ಮೀ. ದಪ್ಪ, ಮೇಲೆ ಎರಡು ಕೋಟಿನಲ್ಲಿ 20 ಮಿ.ಮೀ. ಗಾರೆ ಬೇಕು ಎನ್ನುತ್ತದೆ ಅಲ್ಲಿನ ಕಟ್ಟಡ ಮಾರ್ಗದರ್ಶಿ. ಅದೇ ದೇಶದಲ್ಲಿ 30 ಚದರ ಮೀಟರಿಗಿಂತ ಕಿರಿದಾದ ಬಿಡಿ ಗ್ಯಾರೇಜುಗಳಿಗೆ ಕೆಲವು ಷರತ್ತುಗಳ ಮೇಲೆ ಈ ನಿಯಮಗಳಿಂದ ವಿನಾಯಿತಿ ಇರುವುದರಿಂದ, ಅವುಗಳ ಗೋಡೆ ಸಾಮಾನ್ಯವಾಗಿ 100 ಮಿ.ಮೀ. ಬ್ಲಾಕಿನ ಒಂದೇ ಪದರ, ನಡುನಡುವೆ ಆನಿಕೆಗೆ ಕಂಬ. ನಮ್ಮಲ್ಲಿಯೂ ಮನೆಗೆ ಆರಿಂಚು ಎಂಟಿಂಚಿನ ಬ್ಲಾಕು ಹಾಕಿದವರು ಶೆಡ್ಡಿಗೆ ನಾಲ್ಕಿಂಚಿನದು ಸಾಕೆನ್ನುತ್ತಾರೆ. ಹೊರಗಿನ ಪ್ಲಾಸ್ಟರನ್ನು ‘ಆಮೇಲೆ ಮಾಡಿಸೋಣ’ ಎಂದು ಬಿಟ್ಟಿರುವುದೂ ಉಂಟು. ಇಂಥ ಗೋಡೆ ಮಳೆಯನ್ನು ಪೂರ್ತಿ ತಡೆಯಲಿ ಎಂದು ನಿರೀಕ್ಷಿಸುವುದೇ ತಪ್ಪು.

ನೀರಿನ ದಾರಿಗಳು

ತೇವದ ಮೂಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಹೊರನೆಲದ ಎತ್ತರ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪ್ರತಿ ಡಾಂಬರೀಕರಣಕ್ಕೂ ರಸ್ತೆ ಒಂದೆರಡು ಇಂಚು ಮೇಲೇರುತ್ತದೆ. ಪಕ್ಕದ ನಿವೇಶನದವರು ಮನೆ ಕಟ್ಟುವಾಗ ಮಣ್ಣು ತುಂಬಿ ಇನ್ನೆರಡು ಅಡಿ ಏರಿಸುತ್ತಾರೆ. ಒಂದು ಕಾಲಕ್ಕೆ ರಸ್ತೆಗಿಂತ ಮೇಲಿದ್ದ ಶೆಡ್ಡು ಹೀಗೆ ತಗ್ಗಿಗೆ ಬೀಳುತ್ತದೆ. ಪಾಯದ ಮೇಲಿನ ತೇವತಡೆ ಪಟ್ಟಿ ಹೊರನೆಲಕ್ಕಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕು ಎಂಬುದು ಭಾರತ, ಬ್ರಿಟನ್ ಎರಡೂ ಕಡೆಯ ನಿಯಮ. ಗಿಡಕ್ಕೆಂದು ಗೋಡೆಗೆ ಒತ್ತಿ ಮಣ್ಣು ಏರಿಸಿದರೂ ಸಾಕು, ಪಟ್ಟಿ ಇದ್ದೂ ಇಲ್ಲದಂತೆ.

ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಇದರ ಉಗ್ರರೂಪವೆಂದರೆ ದರೆಗೆ ಆನಿಸಿ ಕಟ್ಟಿದ ಶೆಡ್ಡು. ಗುಡ್ಡ ಕಡಿದು ಸಮತಟ್ಟು ಮಾಡಿ, ದರೆಯ ಬದಿಗೇ ಬ್ಲಾಕು ಕಟ್ಟಿ, ನಡುವಿನ ಸಂದಿಗೆ ಕಡಿದ ಮಣ್ಣನ್ನೇ ತುಂಬಿರುತ್ತಾರೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ. ಜುಲೈ ಹೊತ್ತಿಗೆ ಗುಡ್ಡ ನೀರು ಕುಡಿದು ತಣಿದು, ಕಂಡಕಂಡಲ್ಲಿ ಜಲ ಒಡೆಯುತ್ತದೆ. ಆಗ ಬ್ಲಾಕ್ ಗೋಡೆ ಹೊರುವುದು ತೇವವನ್ನಲ್ಲ, ನೀರಿನ ಒತ್ತಡವನ್ನು. ಗೋಡೆಯ ಹಿಂದೆ ಒಂದೂವರೆ ಮೀಟರ್ ಎತ್ತರಕ್ಕೆ ನೀರು ನಿಂತರೆ ಪ್ರತಿ ಮೀಟರ್ ಉದ್ದದ ಮೇಲೆ ನೀರೊಂದರಿಂದಲೇ ಒಂದು ಟನ್ನಿಗಿಂತ ಹೆಚ್ಚಿನ ನೂಕು ಬೀಳುತ್ತದೆ. ಮಣ್ಣಿನ ಭಾರ ಅದಕ್ಕೆ ಸೇರಿಲ್ಲ. ಕಬ್ಬಿಣವಿಲ್ಲದ ಆರಿಂಚಿನ ಹಾಲೋ ಬ್ಲಾಕ್ ಗೋಡೆ ಇದನ್ನು ತಾಳಲಾರದು. ಗೋಡೆ ನಡುವಿನಲ್ಲಿ ಒಳಕ್ಕೆ ಉಬ್ಬಿದ್ದರೆ, ಅಡ್ಡ ಸಂದಿನ ಉದ್ದಕ್ಕೆ ಬಿರುಕು ಓಡಿದ್ದರೆ, ಅದು ಬಣ್ಣದವನನ್ನಲ್ಲ, ಇಂಜಿನಿಯರನ್ನು ಕರೆಯುವ ಹೊತ್ತು. ಅಂಥ ಶೆಡ್ಡಿನಲ್ಲಿ ಮಳೆಗಾಲದಲ್ಲಿ ಕಾರು ನಿಲ್ಲಿಸುವುದೂ ಬೇಡ.

ಎರಡನೆಯ ದಾರಿ ಇರಚಲು. ಮಂಗಳೂರಿನಿಂದ ಕಾರವಾರದ ತನಕ ಮುಂಗಾರಿನ ಗಾಳಿ ಮಳೆಯನ್ನು ಅಡ್ಡಡ್ಡ ತಂದು ಪಡುವಣ ಮತ್ತು ತೆಂಕಣ ಗೋಡೆಗೆ ಬಾರಿಸುತ್ತದೆ. ಹಳೆಯ ಮನೆಗಳಿಗೆ ಮಾರುದ್ದ ಮಾಡು ಇಳಿಬಿಟ್ಟದ್ದು, ಮಳೆಗಾಲದ ಮುನ್ನ ಪಡುಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಇದೇ ಕಾರಣಕ್ಕೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೂ ಇಳಿಜಾರು ಮಾಡಿನ ಈ ತರ್ಕ ಬದಲಾಗಲಿಲ್ಲ. ಬದಲಾದದ್ದು ತಾರಸಿ ಬಂದಾಗ. ಇಂದಿನ ಶೆಡ್ಡಿನ ತಾರಸಿ ಗೋಡೆಯ ಅಂಚಿಗೇ ಮುಗಿಯುತ್ತದೆ. ಸಜ್ಜೆಯಿಲ್ಲ, ನೀರುಹನಿ ಕತ್ತರಿಸುವ ತೋಡಿಲ್ಲ. ಮೇಲಿನ ನೀರು ಬೀಳುವ ಪೈಪು ನಾಲ್ಕಿಂಚು ಮುಂದೆ ಚಾಚಿದ್ದರೆ ಹೆಚ್ಚು, ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಗೋಡೆಗೇ ಬಳಿಯುತ್ತದೆ.

ಹೀಗೆ ಬಡಿದ ನೀರು ಬ್ಲಾಕಿನ ಮೈಯಿಂದ ಹಾಯುವುದು ಕಡಿಮೆ, ಸಂದಿನಿಂದ ಹಾಯುವುದೇ ಹೆಚ್ಚು. ಅದರಲ್ಲೂ ನಿಲುವು ಸಂದು. ಅಡ್ಡ ಸಂದಿಗೆ ಮೇಸ್ತ್ರಿ ಗಾರೆ ಹಾಸಿಯೇ ಬ್ಲಾಕು ಕೂರಿಸುತ್ತಾನೆ. ಎರಡು ಬ್ಲಾಕುಗಳ ತಲೆ ಸೇರುವ ನಿಲುವು ಸಂದಿಗೆ ಆಮೇಲೆ ಕರಣೆಯ ತುದಿಯಿಂದ ಒಂದಿಷ್ಟು ಗಾರೆ ಬಳಿದು ಮುಖ ಮುಚ್ಚುತ್ತಾನೆ. ಒಳಗೆ ಪೂರಾ ಖಾಲಿ. ಹಾಲೋ ಬ್ಲಾಕಿನಲ್ಲಿ ಹೀಗೆ ಒಳಹೊಕ್ಕ ನೀರು ಟೊಳ್ಳಿನೊಳಗೆ ಇಳಿದು, ಕೆಳಸಾಲಿನಲ್ಲಿ ನಿಂತು, ಅಲ್ಲಿಂದ ಒಳಮೈಗೆ ಒಸರುತ್ತದೆ. ನೀರು ಹೊಕ್ಕಿದ್ದು ಎಂಟಡಿ ಮೇಲೆ, ಒದ್ದೆ ಕಂಡದ್ದು ನೆಲದ ಮಟ್ಟದಲ್ಲಿ. ನೋಡಿದವರು ನೆಲದಿಂದ ಏರಿದ ತೇವ ಎಂದು ತೀರ್ಮಾನಿಸುತ್ತಾರೆ. ಮಳೆ ನಿಂತ ಮಾರನೆಯ ದಿನ ಕೆಳಸಾಲಿನ ಬ್ಲಾಕಿನ ಟೊಳ್ಳು ಇರುವಲ್ಲಿ, ನೆಲದಿಂದ ಎರಡಿಂಚು ಮೇಲೆ, 10 ಮಿ.ಮೀ. ಬಿಟ್ಟಿನಿಂದ ಒಂದು ತೂತು ಕೊರೆದರೆ ವಿಷಯ ಗೊತ್ತಾಗುತ್ತದೆ. ಮೊದಲು ಬೂದು ಬಣ್ಣದ ಕೆಸರು, ಹಿಂದೆಯೇ ಬೆರಳು ದಪ್ಪದ ಧಾರೆ. ಬಕೆಟ್ಟು ತುಂಬಿದರೂ ಆಶ್ಚರ್ಯವಿಲ್ಲ. ತೂತಿನಿಂದ ಒಣ ಪುಡಿ ಮಾತ್ರ ಉದುರಿದರೆ ಬೇರೆ ಕಾರಣ ಹುಡುಕಬೇಕು.

ನೆಲದಿಂದ ಏರುವ ತೇವಕ್ಕೆ ಇಷ್ಟೊಂದು ಹೆಸರು ಬಂದದ್ದು ಇಟ್ಟಿಗೆ ಗೋಡೆಯ ಕಾಲದಿಂದ. ಸೂಕ್ಷ್ಮ ನಾಳ ಕಿರಿದಾದಷ್ಟೂ ನೀರು ಮೇಲೇರುತ್ತದೆ ಎಂದು ಜೇಮ್ಸ್ ಜೂರಿನ್ 18ನೆಯ ಶತಮಾನದ ಆರಂಭದಲ್ಲಿ ತೋರಿಸಿದ. ಸೂತ್ರದ ಪ್ರಕಾರ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ತ್ರಿಜ್ಯದ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಬಹುದು. ನಿಜವಾದ ಗೋಡೆಯಲ್ಲಿ ಏರುವ ನೀರು ಮೈಯಿಂದ ಆರಿಯೂ ಹೋಗುವುದರಿಂದ ಎತ್ತರ ನಿಲ್ಲುವುದು ಈ ಎರಡರ ಸಮತೋಲದಲ್ಲಿ. ಬ್ರಿಟನ್ನಿನಲ್ಲಿ ಈ ರೋಗನಿರ್ಣಯ ಎಷ್ಟು ಅತಿಯಾಯಿತೆಂದರೆ ಜೆಫ್ ಹೋವೆಲ್ 2008ರಲ್ಲಿ ಅದನ್ನು ಮಿಥ್ಯೆಯೆಂದೇ ಕರೆದು ಪುಸ್ತಕ ಬರೆದರು. ಮಿಥ್ಯೆ ಎನ್ನುವುದು ಅತಿರೇಕ. ಹಾಲ್ ಮತ್ತು ಹಾಫ್ ಎಂಬ ಸಂಶೋಧಕರು 2007ರಲ್ಲಿ ಅದರ ಗಣಿತವನ್ನು ಸರಿಯಾಗಿಯೇ ಬಿಡಿಸಿಟ್ಟಿದ್ದಾರೆ. ಆದರೆ ಬ್ಲಾಕ್ ಗೋಡೆಯ ಮಟ್ಟಿಗೆ ಹೋವೆಲ್ ಅವರ ಸಂಶಯದಲ್ಲಿ ಹುರುಳಿದೆ. ಒಣಕಲು ಮಿಶ್ರಣವನ್ನು ಕುಟ್ಟಿ ಮಾಡಿದ ಬ್ಲಾಕಿನ ರಂಧ್ರಗಳು ದೊರಗು, ಅವು ನೀರನ್ನು ಮೇಲೆಳೆಯುವ ಶಕ್ತಿ ಕಡಿಮೆ. ನೆಲದ ತೇವ ಬ್ಲಾಕ್ ಗೋಡೆಯಲ್ಲಿ ಒಂದೆರಡು ಸಾಲು ದಾಟುವುದು ಕಷ್ಟ. ನಾಲ್ಕಡಿ ಎತ್ತರಕ್ಕೆ ಒದ್ದೆಯಾದ ಬ್ಲಾಕ್ ಗೋಡೆ ಕಂಡರೆ ಮೊದಲು ಹೊರಮಗ್ಗುಲನ್ನು ನೋಡಬೇಕು.

ಬೆಂಗಳೂರು, ಮೈಸೂರಿನ ಮನೆಗಳಿಗೆ ವಿಶಿಷ್ಟವಾದ ಇನ್ನೊಂದು ಮೂಲ ಸಂಪು. ನೆಲದಡಿಯ ನೀರಿನ ತೊಟ್ಟಿಗೆ ಜಾಗ ಸಿಗುವುದು ಕಾರು ನಿಲ್ಲುವ ಕಡೆಯೇ, ಬಹಳ ಸಲ ಶೆಡ್ಡಿನ ಗೋಡೆಗೆ ಅಂಟಿಕೊಂಡು. ಅದರ ಪಕ್ಕೆಯ ಬಿರುಕು ವರ್ಷವಿಡೀ ಗೋಡೆಯ ಬುಡಕ್ಕೆ ನೀರು ಕೊಡುತ್ತಿರುತ್ತದೆ. ಬೇಸಿಗೆಯಲ್ಲೂ ತೇವ ಕಡಿಮೆಯಾಗದಿದ್ದರೆ ಇದರ ಮೇಲೆ ಅನುಮಾನ ಬರಬೇಕು. ಪರೀಕ್ಷೆ ಸುಲಭ. ರಾತ್ರಿ ಒಳಹರಿವಿನ ವಾಲ್ವು ಮುಚ್ಚಿ, ಪಂಪು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡುವುದು. ಆರಡಿಗೆ ಆರಡಿಯ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ 33 ಲೀಟರ್ ಮಣ್ಣಿಗೆ ಹೋಯಿತು. ಶೆಡ್ಡಿನ ಹಿಂದಿನ ಬಚ್ಚಲ ಪೈಪು, ಇಂಗುಗುಂಡಿಗಳನ್ನೂ ಹೀಗೇ ಅನುಮಾನದಿಂದ ನೋಡಬೇಕು.

ಉತ್ತರ ಕರ್ನಾಟಕದಲ್ಲಿ ಮಳೆ ಕಡಿಮೆಯಿದ್ದರೂ ಎರೆಮಣ್ಣು ತೊಂದರೆ ಕೊಡುತ್ತದೆ. ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಾಯಿ ಬಿಡುವ ಈ ಮಣ್ಣಿನ ಮೇಲೆ ಗಿಡ್ಡ ಪಾಯದ ಶೆಡ್ಡು ಏರಿಳಿದು, ಬ್ಲಾಕ್ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಡುತ್ತದೆ. ಆಮೇಲಿನ ಮಳೆಗೆ ಅದೇ ದಾರಿ.

ಕೊನೆಯದು ಒಳಗಿನ ಗಾಳಿಯ ತೇವ. 30 ಡಿಗ್ರಿ ಸೆಲ್ಸಿಯಸ್‌ನ, ಶೇ. 80ರಷ್ಟು ಆರ್ದ್ರತೆಯ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ತಾಗಿದರೂ ಬೆವರುತ್ತದೆ. ಮಣ್ಣಿಗೆ ತಾಗಿದ ಗೋಡೆ ಮಳೆಗಾಲದಲ್ಲಿ ಸುಲಭವಾಗಿ ಅಷ್ಟು ತಣ್ಣಗಿರುತ್ತದೆ. ಮಳೆಯಲ್ಲಿ ನೆನೆದ ಕಾರನ್ನು ಒಳಗೆ ತಂದು ರೋಲಿಂಗ್ ಶಟರ್ ಎಳೆದರೆ, ಕಾರಿನಿಂದ ಇಳಿದ ನೀರೆಲ್ಲ ಆವಿಯಾಗಿ ಅದೇ ಗೋಡೆ ಸೇರುತ್ತದೆ. ಮಲೆನಾಡಿನ ಚಳಿಗಾಲದಲ್ಲಿ ತಗಡಿನ ಮಾಡು ರಾತ್ರಿ ಆಕಾಶಕ್ಕೆ ಬಿಸಿ ಬಿಟ್ಟುಕೊಟ್ಟು ತಣ್ಣಗಾಗಿ, ಬೆಳಗಿನ ಜಾವ ಒಳಬದಿಯಿಂದ ಹನಿ ಉದುರಿಸುವುದೂ ಇದೇ ಜಾತಿಯ ತೇವ. ಮಾಡು ಸೋರುತ್ತಿದೆ ಎಂದು ಸ್ಕ್ರೂಗಳಿಗೆಲ್ಲ ಸೀಲೆಂಟ್ ಹಾಕಿ ಸೋತವರು ಬೇಕಾದಷ್ಟು.

ಉಪ್ಪಿನ ಪಾಲು

ಒದ್ದೆ ಗೋಡೆಯನ್ನು ಹಾಳುಗೆಡಹುವುದು ನೀರಿಗಿಂತ ಅದು ಹೊತ್ತು ತರುವ ಉಪ್ಪು. ಮಣ್ಣು, ಸಿಮೆಂಟು, ಮರಳುಗಳಿಂದ ಕರಗಿದ ಸಲ್ಫೇಟು, ಕ್ಲೋರೈಡು, ನೈಟ್ರೇಟುಗಳು ನೀರು ಆರುವಲ್ಲಿ ಹರಳುಗಟ್ಟುತ್ತವೆ. ಮೈಮೇಲೆ ಹರಳಾದರೆ ಹತ್ತಿಯಂಥ ಬಿಳಿ ಪುಡಿ. ಕೈಯಿಂದ ಒರೆಸಿದರೆ ಹೋಗುತ್ತದೆ, ಹಾನಿಯಿಲ್ಲ. ಪ್ಲಾಸ್ಟರಿನ ಹಿಂದೆ ಹರಳಾದರೆ ಅದನ್ನು ಎತ್ತಿ ಒಗೆಯುತ್ತದೆ. ಸೋಡಿಯಂ ಸಲ್ಫೇಟು ಇದರಲ್ಲಿ ಕುಖ್ಯಾತ: 32.4 ಡಿಗ್ರಿಯ ಕೆಳಗೆ ಅದು ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಮೂರು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ನಮ್ಮ ಹಗಲು ರಾತ್ರಿಯ ಉಷ್ಣತೆ ಆ ಗೆರೆಯ ಆಚೀಚೆ ಓಡಾಡುವುದರಿಂದ ಉಬ್ಬುವುದು ಕುಗ್ಗುವುದು ದಿನಚರಿಯಾಗುತ್ತದೆ.

ಕರಾವಳಿಯಲ್ಲಿ ಅಡುಗೆ ಉಪ್ಪಿನದೇ ಕಾಟ. ಅಳಿವೆಯ ಉಪ್ಪುನೀರು ತಾಗಿದ ಮರಳನ್ನು ಸರಿಯಾಗಿ ತೊಳೆಯದೆ ಗಾರೆಗೆ ಬಳಸಿದ್ದರೆ ಆ ಗೋಡೆ ತಾನಾಗಿಯೇ ನೀರು ಕರೆಯುತ್ತದೆ. ಸೋಡಿಯಂ ಕ್ಲೋರೈಡು ಶೇ. 75ರ ಮೇಲಿನ ಆರ್ದ್ರತೆಯಲ್ಲಿ ಗಾಳಿಯಿಂದ ನೀರು ಹೀರಿ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯ ಗಾಳಿ ದಿನದ ಬಹುಪಾಲು ಅದಕ್ಕಿಂತ ಮೇಲೇ ಇರುತ್ತದೆ. ಸೋರಿಕೆಯೆಲ್ಲ ನಿಂತರೂ ಮಳೆಗಾಲ ಬಂದಾಗ ಅದೇ ಜಾಗದಲ್ಲಿ ಕಪ್ಪು ಕಲೆ ಮೂಡಿ, ನವೆಂಬರಿನಲ್ಲಿ ಮಾಯವಾಗುವುದು ಇದರ ಲಕ್ಷಣ. ಈ ಪ್ಲಾಸ್ಟರನ್ನು ಕಿತ್ತು ತೆಗೆಯದೆ ಬೇರೆ ಮದ್ದಿಲ್ಲ. ಕಿತ್ತ ಚಕ್ಕೆಯನ್ನು ಬಟ್ಟಿನೀರಿನಲ್ಲಿ ನೆನೆಹಾಕಿ, ಸೋಸಿ, ಒಂದೆರಡು ಹನಿ ನೈಟ್ರಿಕ್ ಆಮ್ಲ ಮತ್ತು ಸಿಲ್ವರ್ ನೈಟ್ರೇಟ್ ಹಾಕಿದಾಗ ಹಾಲಿನಂತೆ ಬಿಳಿಯಾದರೆ ಕ್ಲೋರೈಡು ಇದೆ ಎಂದರ್ಥ. ಹತ್ತಿರದ ಕಾಲೇಜಿನ ರಸಾಯನ ಪ್ರಯೋಗಾಲಯಕ್ಕೆ ಇದು ಐದು ನಿಮಿಷದ ಕೆಲಸ.

ಪತ್ತೆ

ಕ್ಯಾಲೆಂಡರಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಮಳೆ ಬಿದ್ದ ಗಂಟೆಗಳಲ್ಲೇ ಒದ್ದೆಯಾದರೆ ಬಿರುಕು ಅಥವಾ ಸಂದು. ಎರಡು ಮೂರು ದಿನ ತಡೆದು ಒದ್ದೆಯಾದರೆ ಹಿಂದಿನ ಮಣ್ಣು. ವರ್ಷವಿಡೀ ಒಂದೇ ಸಮ ಇದ್ದರೆ ಪೈಪು ಅಥವಾ ಸಂಪು. ಮಳೆಯಿಲ್ಲದೆ ಬರೀ ಮೋಡದ ದಿನ ಕಂಡರೆ ಗಾಳಿಯ ತೇವ ಅಥವಾ ಉಪ್ಪು. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟು ನೋಡುವುದು ಇನ್ನೊಂದು ಉಪಾಯ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ನೀರು ಕೋಣೆಯ ಗಾಳಿಯದು, ಹಿಂಬದಿಯಲ್ಲಿದ್ದರೆ ಗೋಡೆಯೊಳಗಿನದು.

ಎರಡು ಮೊಳೆಯ ವಿದ್ಯುತ್ ತೇವಮಾಪಕ ಹಿಡಿದು ಬರುವವರ ಬಗ್ಗೆ ಎಚ್ಚರಿಕೆ ಬೇಕು. ಅದು ಅಳೆಯುವುದು ವಿದ್ಯುತ್ ರೋಧವನ್ನು, ಅದರ ಅಂಕಿಗಳು ಮರಕ್ಕೆ ಹೊಂದಿಸಿದವು. ಉಪ್ಪಿರುವ ಗೋಡೆ ಒಣಗಿದ್ದರೂ ಅದು ಕೂಗಿಕೊಳ್ಳುತ್ತದೆ. ನಂಬಬಹುದಾದದ್ದು ಗೋಡೆಯ ಒಳಗಿನಿಂದ ಕೊರೆದು ತೆಗೆದ ಪುಡಿಯ ತೂಕ ನೋಡಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುವ ವಿಧಾನ. ಪುಡಿಯನ್ನು ಕ್ಯಾಲ್ಸಿಯಂ ಕಾರ್ಬೈಡಿನೊಡನೆ ಮುಚ್ಚಿದ ಪಾತ್ರೆಯಲ್ಲಿ ಬೆರೆಸಿ, ಹುಟ್ಟುವ ಅಸಿಟಿಲೀನ್ ಅನಿಲದ ಒತ್ತಡದಿಂದ ನೀರಿನ ಪ್ರಮಾಣ ತಿಳಿಯುವ ಮಾಪಕವೂ ಚೆನ್ನಾಗಿದೆ. ನೆಲದಿಂದ ಅಡಿಗೊಂದರಂತೆ ಮೇಲೆ ಮೇಲೆ ತೂತು ಕೊರೆದು ಪುಡಿ ತೆಗೆದರೆ ತೇವ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೂ ಬಯಲಾಗುತ್ತದೆ.

ಪರಿಹಾರ

ಒಳಗಿನಿಂದ ಬಳಿಯುವುದು ಸುಲಭ, ಹೊರಗೆ ಅಗೆಯುವುದು ಕಷ್ಟ. ಜನ ಸುಲಭದ್ದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಒಳಗಿನ ಲೇಪವನ್ನು ನೀರು ಹಿಂದಿನಿಂದ ನೂಕುತ್ತಿರುತ್ತದೆ, ಹೊರಗಿನ ಲೇಪವನ್ನು ಗೋಡೆಗೆ ಒತ್ತಿ ಹಿಡಿದಿರುತ್ತದೆ. ಒಳಗೋಡೆಗೆ ಮೂರಡಿ ಎತ್ತರ ಟೈಲ್ಸ್ ಹಾಕಿಸಿದ ಶೆಡ್ಡುಗಳಲ್ಲಿ ತೇವ ನಾಲ್ಕಡಿಯಲ್ಲಿ ಕಾಣಿಸಿಕೊಳ್ಳುವುದನ್ನು ಯಾರೂ ನೋಡಬಹುದು. ಆರುವ ದಾರಿ ಮುಚ್ಚಿದ್ದರಿಂದ ನೀರು ಮೇಲಕ್ಕೆ ಹತ್ತಿತು, ಅಷ್ಟೆ.

ಮೊದಲ ಕೆಲಸ ಗುದ್ದಲಿಯದು. ಗೋಡೆಗೆ ಒತ್ತಿದ ಮಣ್ಣನ್ನು ಶೆಡ್ಡಿನ ನೆಲಕ್ಕಿಂತ ಅರ್ಧ ಅಡಿ ಕೆಳಗಿನ ತನಕ ತೆಗೆಯುವುದು, ಗೋಡೆಯ ಬುಡದಿಂದ ಎರಡೂವರೆ ಮೂರು ಅಡಿ ಅಗಲ ಕಾಂಕ್ರೀಟ್ ಹಾಸಿ ಅಡಿಗೆ ಕಾಲಿಂಚಿನಂತೆ ಹೊರಕ್ಕೆ ವಾಟ ಕೊಡುವುದು. ಬಯಲು ಸೀಮೆಯ ಬಹುತೇಕ ಶೆಡ್ಡುಗಳಿಗೆ ಇಷ್ಟರಿಂದಲೇ ಅರ್ಧಕ್ಕಿಂತ ಹೆಚ್ಚು ಗುಣವಾಗುತ್ತದೆ. ಮಣ್ಣು ತೆಗೆಯಲಾಗದ ಕಡೆ, ಅಂದರೆ ದರೆಯ ಬದಿ ಅಥವಾ ಎತ್ತರಿಸಿದ ಪಕ್ಕದ ನಿವೇಶನದ ಬದಿಯಲ್ಲಿ, ಗೋಡೆಯ ಹಿಂದೆ ಕಾಲುವೆ ತೋಡಬೇಕು. ಅದರ ತಳ ಶೆಡ್ಡಿನ ನೆಲಕ್ಕಿಂತ ಕೆಳಗಿರಬೇಕು, ಆದರೆ ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಪಾಯ ಜಾರುತ್ತದೆ. ತಳದಲ್ಲಿ ತೂತಿನ ನಾಲ್ಕಿಂಚಿನ ಪೈಪು, ನೂರಕ್ಕೆ ಒಂದರ ವಾಟ, ಸುತ್ತ ಜಲ್ಲಿ, ಜಲ್ಲಿಯ ಹೊರಗೆ ಮಣ್ಣು ನುಗ್ಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಡೆಯ ಮೈಗೆ ಗಾರೆ ಹೊಡೆದು ಒರಟು ಮುಚ್ಚಿ, ಬಿಟುಮೆನ್ ಅಥವಾ ಪಾಲಿಮರ್ ಸಿಮೆಂಟ್ ಲೇಪ, ಅದರ ಮೇಲೆ ಗುಬುಟುಗಳಿರುವ ಪ್ಲಾಸ್ಟಿಕ್ ಹಾಳೆ. ಪೈಪಿನ ಕೊನೆ ತಗ್ಗಿಗೆ ಬಯಲಾಗಿ ತೆರೆದಿರಲೇಬೇಕು. ಬಾಯಿಯಿಲ್ಲದ ಕಾಲುವೆ ಗೋಡೆಯ ಹಿಂದೆ ನಾವೇ ಕಟ್ಟಿಕೊಟ್ಟ ತೊಟ್ಟಿ. ಈ ಅಗೆತವನ್ನು ಮಳೆಗಾಲದಲ್ಲಿ ಮಾಡಬಾರದು. ಒಮ್ಮೆಗೇ ಪೂರ್ತಿ ಉದ್ದ ತೆರೆಯದೆ ತುಂಡು ತುಂಡಾಗಿ ತೆರೆಯಬೇಕು.

ಇರಚಲಿಗೆ ಮದ್ದು ಮೇಲಿನಿಂದ ಕೆಳಗೆ. ತಾರಸಿಯ ಅಂಚಿಗೆ ಒಂದೂವರೆ ಅಡಿ ಸಜ್ಜೆ ಅಥವಾ ತಗಡಿನ ಇಳಿಮಾಡು ಚಾಚಿದರೆ ಯಾವ ರಾಸಾಯನಿಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕರಾವಳಿಯ ಪಡುಗೋಡೆಗೆ ಕಟ್ಟಿಗೆಯ ಚೌಕಟ್ಟು ಕೊಟ್ಟು ತಗಡು ಹೊದಿಸಿ, ನಡುವೆ ಎರಡಿಂಚು ಗಾಳಿ ಬಿಡುವ ರೂಢಿ ಈಚೆಗೆ ಹಬ್ಬಿದೆ. ಚೆಂದ ಕಾಣುವುದಿಲ್ಲ, ಆದರೆ ಹಳೆಯ ಮಡಲು ತಟ್ಟಿಯ ಬುದ್ಧಿಯೇ ಅದರಲ್ಲಿದೆ. ಸಂದುಗಳನ್ನು ಮುಕ್ಕಾಲು ಇಂಚು ಕೆದಕಿ ಹೊಸ ಗಾರೆ ತುಂಬಬೇಕು. ಕಾಂಕ್ರೀಟ್ ಕಂಬ ಮತ್ತು ಬ್ಲಾಕು ಸೇರುವಲ್ಲಿ ಕೋಳಿಬಲೆ ಹೊಡೆದೇ ಪ್ಲಾಸ್ಟರು ಮಾಡಬೇಕು, ಇಲ್ಲವಾದರೆ ಅಲ್ಲಿ ನೇರ ಗೆರೆ ಬಿಡುವುದು ಖಂಡಿತ. ಪ್ಲಾಸ್ಟರಿಗೆ ಸಿಮೆಂಟು ಹೆಚ್ಚಾದಷ್ಟು ಗಟ್ಟಿ ಎಂಬ ನಂಬಿಕೆ ಇಲ್ಲಿ ತಿರುಗುಬಾಣ. ಮೂರಕ್ಕೊಂದರ ಗಾರೆ ಬ್ಲಾಕಿಗಿಂತ ಬಿಗಿಯಾಗಿ ಕುಗ್ಗಿ ಜೇಡರ ಬಲೆಯಂತೆ ಬಿರಿಯುತ್ತದೆ. ಒಂದು ಸಿಮೆಂಟು, ಒಂದು ಸುಣ್ಣ, ಆರು ಮರಳಿನ ಮಿಶ್ರಣ ಮೆದುವಾಗಿ ಹೊಂದಿಕೊಳ್ಳುತ್ತದೆ. ಸಿಲೇನ್, ಸಿಲೋಕ್ಸೇನ್ ದ್ರವಗಳನ್ನು ಹೊರಗೋಡೆಗೆ ಹಚ್ಚಿದರೆ ಮಳೆಹನಿ ಜಾರುತ್ತದೆ, ಗೋಡೆಯೊಳಗಿನ ಆವಿಗೆ ಅಡ್ಡಿಯಿಲ್ಲ. ಆದರೆ ಕಣ್ಣಿಗೆ ಕಾಣುವ ಬಿರುಕನ್ನು ಅವು ಮುಚ್ಚುವುದಿಲ್ಲ.

ಹಾಲೋ ಬ್ಲಾಕಿನ ಕೆಳಸಾಲಿನಲ್ಲಿ ನೀರು ನಿಲ್ಲುವುದಾದರೆ ಹೊರಬದಿಯಿಂದ ಎರಡು ಮೂರು ಬ್ಲಾಕಿಗೊಂದು ತೂತು ಕೊರೆದು ಬಿಡುವುದು ಅಗ್ಗದ, ಸರಿಯಾದ ಉಪಾಯ. ಗೋಡೆಗೆ ತೂತು ಹಾಕಿ ತೇವ ಓಡಿಸುತ್ತೇವೆಂದರೆ ಮನೆಯವರು ನಂಬುವುದಿಲ್ಲ.

ಇಟ್ಟಿಗೆ ಗೋಡೆಗೆ ಮಾಡುವಂತೆ ಬುಡದಲ್ಲಿ ಸಾಲಾಗಿ ತೂತು ಕೊರೆದು ರಾಸಾಯನಿಕ ತೇವತಡೆ ತುಂಬುವ ವಿಧಾನ ಹಾಲೋ ಬ್ಲಾಕಿಗೆ ಸಲ್ಲದು. ದ್ರವ ಟೊಳ್ಳಿಗೆ ಸುರಿದು ಪೋಲಾಗುತ್ತದೆ. ಸಾಲಿಡ್ ಬ್ಲಾಕಿನಲ್ಲಿ ಅಡ್ಡ ಸಂದಿನ ಗಾರೆಗೆ ಕೊರೆದು ತುಂಬಬಹುದು. ಹೊಸದಾಗಿ ಕಟ್ಟುವವರಿಗೆ ಈ ಪಾಡಿಲ್ಲ. ಪಾಯದ ಮೇಲೆ 40 ಮಿ.ಮೀ. ದಪ್ಪ 1:2:4 ಕಾಂಕ್ರೀಟ್ ಪಟ್ಟಿ ಹಾಕಿ, ಒಣಗಿದ ಮೇಲೆ ಚದರ ಮೀಟರಿಗೆ 1.7 ಕೆ.ಜಿ.ಯಂತೆ ಬಿಸಿ ಬಿಟುಮೆನ್ ಬಳಿಯುವುದು ಸರ್ಕಾರಿ ಕಾಮಗಾರಿಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಅದರ ಜೊತೆಗೆ ನೆಲದ ಕಾಂಕ್ರೀಟಿನಡಿ ದಪ್ಪ ಪಾಲಿಥಿನ್ ಹಾಸಿ ಅಂಚನ್ನು ಗೋಡೆಯ ಪಟ್ಟಿಗೆ ಸೇರಿಸಿದರೆ ಶೆಡ್ಡಿಗೆ ಬೇಕಾದಷ್ಟಾಯಿತು.

ತೇವದ ವ್ಯಾಪಾರದಲ್ಲಿ ಪವಾಡಗಳಿಗೆ ಎಂದೂ ಬರವಿರಲಿಲ್ಲ. ಬೆಲ್ಜಿಯಂನ ಅಶಿಲ್ ಕ್ನಾಪೆನ್ 20ನೆಯ ಶತಮಾನದ ಆರಂಭದಲ್ಲಿ ಗೋಡೆಗೆ ಓರೆಯಾಗಿ ಸುಟ್ಟಮಣ್ಣಿನ ಕೊಳವೆ ತುರುಕಿದರೆ ತೇವ ತಾನಾಗಿ ಹೊರಬೀಳುತ್ತದೆ ಎಂದು ಸಾರಿ ಯುರೋಪಿನ ದೊಡ್ಡ ದೊಡ್ಡ ಕಟ್ಟಡಗಳಿಗೆ ಅವನ್ನು ಹಾಕಿಸಿದ. ಉಪಯೋಗ ಅತ್ಯಲ್ಪ. ಅದೇ ಮನುಷ್ಯ 1930-31ರಲ್ಲಿ ಫ್ರಾನ್ಸಿನ ತ್ರಾನ್ಸ್-ಆನ್-ಪ್ರೊವಾನ್ಸ್ ಎಂಬಲ್ಲಿ ಗಾಳಿಯಿಂದ ನೀರು ಹಿಂಡುವ ಗೋಪುರ ಕಟ್ಟಿದ. ರಾತ್ರಿಗೆ ಒಂದು ಬಕೆಟ್ಟಿನಷ್ಟೂ ಸಿಗಲಿಲ್ಲ. ನೀರು ಬೇಡವಾದ ಗೋಡೆಯಿಂದ ತೆಗೆಯಲೂ ಆಗಲಿಲ್ಲ, ಬೇಕಾದ ಗೋಪುರಕ್ಕೆ ತರಲೂ ಆಗಲಿಲ್ಲ. ಗೋಡೆಗೆ ತಂತಿ ಸುತ್ತಿ ಅಥವಾ ಮೂಲೆಯಲ್ಲಿ ಪೆಟ್ಟಿಗೆ ತೂಗುಹಾಕಿ ತೇವ ಓಡಿಸುವ ಇಂದಿನ ಸಾಧನಗಳನ್ನು ಇದೇ ಸಾಲಿಗೆ ಸೇರಿಸಬಹುದು.

ಒಳಗಿನಿಂದಲೇ ಮಾಡಬೇಕಾದ ಅನಿವಾರ್ಯ ಬಂದಾಗ, ಎಂದರೆ ಪಕ್ಕದ ಜಾಗ ಬೇರೆಯವರದಾದಾಗ, ಎರಡು ದಾರಿಗಳಿವೆ. ಒಂದು, ಹಳೆಯ ಪ್ಲಾಸ್ಟರನ್ನು ಒದ್ದೆಯ ಗೆರೆಗಿಂತ ಒಂದಡಿ ಮೇಲಿನ ತನಕ ಕಿತ್ತು, ಬ್ಲಾಕಿನ ಮೈ ಉಜ್ಜಿ, ಜಿನುಗುವ ತೂತುಗಳನ್ನು ಕೂಡಲೇ ಗಟ್ಟಿಯಾಗುವ ಸಿಮೆಂಟಿನಿಂದ ಮುಚ್ಚಿ, ಹಿಂದಿನ ಒತ್ತಡ ತಾಳುವ ಸಿಮೆಂಟ್ ಆಧಾರಿತ ಲೇಪವನ್ನು ಎರಡು ಅಡ್ಡ-ಉದ್ದ ಕೋಟುಗಳಲ್ಲಿ ಹಚ್ಚುವುದು. ಬರೀ ಅಕ್ರಿಲಿಕ್ ಬಣ್ಣ ಈ ಕೆಲಸಕ್ಕೆ ಬಾರದು, ಚರ್ಮದಂತೆ ಸುಲಿದು ಬರುತ್ತದೆ. ಇನ್ನೊಂದು ದಾರಿ ಎರಡು ಸಾವಿರ ವರ್ಷ ಹಳೆಯದು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಕಾರ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಸಂಪುಟದಲ್ಲಿ, ಒದ್ದೆ ಗೋಡೆಗೆ ನೆಲದಿಂದ ಮೂರಡಿ ಎತ್ತರಕ್ಕೆ ಮರಳಿನ ಬದಲು ಹೆಂಚಿನ ಪುಡಿಯ ಗಾರೆ ಬಳಿಯಲು ಹೇಳುತ್ತಾನೆ. ಕೃಷ್ಣರಾಜಸಾಗರ ಕಟ್ಟಿದ ಸುರ್ಕಿ ಗಾರೆಯೂ ಇದೇ ಕುಲದ್ದು. ಗೋಡೆ ಪೂರ್ತಿ ಒದ್ದೆಯಾಗಿದ್ದರೆ ಅಂತರ ಬಿಟ್ಟು ಒಳಗೊಂದು ತೆಳುಗೋಡೆ ಎಬ್ಬಿಸಿ, ನಡುವೆ ತಗ್ಗಿನಲ್ಲಿ ನೀರು ಹೋಗುವ ಕಾಲುವೆ, ಮೇಲೆ ಕೆಳಗೆ ಗಾಳಿಕಂಡಿ ಬಿಡಬೇಕು ಎಂದೂ ಅವನೇ ಹೇಳಿದ್ದಾನೆ. ಗುಬುಟು ಹಾಳೆ ಹೊಡೆದು, ಬುಡದಲ್ಲಿ ಸಣ್ಣ ಚರಂಡಿ ಬಿಟ್ಟು, ಮುಂದೆ ಬೋರ್ಡು ನಿಲ್ಲಿಸುವ ಈಗಿನ ಪದ್ಧತಿ ಅದರದೇ ರೂಪಾಂತರ. ನೀರಿನೊಡನೆ ಜಗಳವಾಡದೆ ಅದಕ್ಕೆ ದಾರಿ ಬಿಡುವುದರಿಂದ ದರೆಬದಿಯ ಶೆಡ್ಡುಗಳಿಗೆ ಇದೇ ಮೇಲು.

ಗಾಳಿಯ ತೇವಕ್ಕೆ ಶಟರಿನ ಕೆಳಗೂ ಎದುರು ಗೋಡೆಯ ಮೇಲೂ ಜಾಲರಿ ಕಂಡಿ, ತಗಡಿನಡಿ ಶಾಖತಡೆ ಹಾಳೆ ಸಾಕು. ಪಾಚಿ, ಬೂಷ್ಟನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಬಹುದು, ಮೂಲ ನಿಲ್ಲದಿದ್ದರೆ ಮತ್ತೆ ಬರುತ್ತದೆ. ಒದ್ದೆ ಗೋಡೆಯ ಸ್ವಿಚ್‌ಬೋರ್ಡನ್ನು ಮೊದಲು ಒಣ ಗೋಡೆಗೆ ಬದಲಿಸಿ, ಆ ಸಾಲಿಗೆ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಹಾಕಿಸುವುದು ಬೇರೆಲ್ಲ ರಿಪೇರಿಗಿಂತ ಮುಂಚೆ ಆಗಬೇಕಾದ ಕೆಲಸ.

ಒಣಗುವ ಕಾಲ

ನೀರಿನ ಮೂಲ ಕಡಿದ ಮೇಲೂ ಗೋಡೆ ಆರಲು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ಹಳೆಯ ಅಂದಾಜು. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆಗೆ ಹೀಗೆ ಅರ್ಧ ವರ್ಷ. ಎರಡೂ ಮೈ ತೆರೆದಿದ್ದರೆ ಇನ್ನೂ ಬೇಗ. ಜನವರಿಯಲ್ಲಿ ಅಗೆತ, ಮೇ ತನಕ ಬರಿಯ ಬ್ಲಾಕು, ಒಂದು ಮಳೆಗಾಲ ನೋಡಿ ಆಮೇಲೆ ಪ್ಲಾಸ್ಟರು ಎಂಬ ಕ್ರಮ ಸರಿ. ಈ ನಡುವೆ ಗೋಡೆಗೆ ಸುಣ್ಣ ಹೊಡೆಯಬಹುದು, ಅದು ಆವಿಯನ್ನು ಬಿಡುತ್ತದೆ. ಪುಟ್ಟಿ, ಎಮಲ್ಷನ್ ಬೇಡ.

ಶೆಡ್ಡನ್ನು ಬಾಡಿಗೆ ಕೋಣೆಯೋ ಅಂಗಡಿಯೋ ಟ್ಯೂಷನ್ ಮನೆಯೋ ಆಗಿ ಬದಲಿಸುವ ಯೋಚನೆಯಿದ್ದರೆ ಈ ಕಾಯುವಿಕೆ ತಪ್ಪಿಸಿಕೊಳ್ಳುವಂತಿಲ್ಲ. ಗೋಡೆ ವಾಸಕ್ಕೆ ಕಟ್ಟಿದ್ದಲ್ಲ, ಅದನ್ನು ವಾಸಕ್ಕೆ ತಕ್ಕಂತೆ ಮಾಡುವ ಖರ್ಚು ಒಮ್ಮೊಮ್ಮೆ ಹೊಸ ಗೋಡೆಯ ಖರ್ಚನ್ನು ಮೀರುತ್ತದೆ. ಬರೀ ಕಾರಿಗೆ, ಸೈಕಲ್ಲಿಗೆ, ಕಟ್ಟಿಗೆಗೆ ಇರುವ ಶೆಡ್ಡಿನ ಕತೆ ಬೇರೆ. ಗೋಡೆ ನಿಲುವಿನಲ್ಲಿ ಗಟ್ಟಿಯಾಗಿದ್ದು ಒಳಮೈ ಮಾತ್ರ ಮಳೆಗಾಲದಲ್ಲಿ ಒದ್ದೆಯಾಗುತ್ತದೆ ಎಂದಾದರೆ ಪ್ಲಾಸ್ಟರು ಕಿತ್ತು ಬ್ಲಾಕನ್ನು ಬರಿದಾಗಿಯೇ ಬಿಟ್ಟು, ನೆಲಕ್ಕೆ ಬಾಗಿಲಿನತ್ತ ವಾಟ ಕೊಟ್ಟು, ಬುಡದಲ್ಲಿ ಅಂಗೈ ಅಗಲದ ತೋಡು ತೆಗೆದರೆ ಸಾಕು. ಕಪಾಟು, ರ‍್ಯಾಕು ಗೋಡೆಗೆ ತಾಗದಂತೆ ಮೂರಿಂಚು ಈಚೆ. ಸಿಮೆಂಟು, ಗೊಬ್ಬರ, ಅಡಿಕೆ ಮೂಟೆಗಳು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ.